ಸ್ಟ್ರೋಕ್ ಆದವರನ್ನ ಡಿಸ್ಚಾರ್ಜ್ ಮಾಡಿದ್ರು, ಮುಂದೇನು? ಆಸ್ಪತ್ರೆ ರಿಹ್ಯಾಬ್ ಬಗ್ಗೆ ಬಿಡಿಸಿ ಹೇಳ್ತೀನಿ

ಸ್ಟ್ರೋಕ್ ಬಂದಾಗ ಏನ್ ಮಾಡ್ಬೇಕು ಅನ್ನೋದು ಈಗ ಬೆಂಗಳೂರಲ್ಲಿ ಸುಮಾರು ಜನಕ್ಕೆ ಗೊತ್ತಾಗಿದೆ. ಬಾಯಿ ಒಂದು ಕಡೆ ಸೊಟ್ಟಗಾಯ್ತಾ, ಕೈ ಎತ್ತಕ್ಕೆ ಆಗ್ತಿಲ್ವಾ, ಮಾತು ತೊದಲ್ತಿದೆಯಾ, ಟೈಮ್ ನೋಡ್ಕೊಂಡು ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಓಡು, ಹೆಪ್ಪು ಕಟ್ಟಿ ಆದ ಸ್ಟ್ರೋಕ್ ಆದ್ರೆ 4.5 ಗಂಟೆ ಒಳಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು, ಇಷ್ಟನ್ನ ವಾಟ್ಸಾಪ್ ಫಾರ್ವರ್ಡಲ್ಲೂ ಓದಿರ್ತೀವಿ, ಆಸ್ಪತ್ರೆ ಗೋಡೆ ಮೇಲೂ ನೋಡಿರ್ತೀವಿ. ಅದಾದ್ಮೇಲಿನ ಕಥೆ ಮಾತ್ರ ಯಾರೂ ಹೇಳಲ್ಲ. ಐಸಿಯು, ವಾರ್ಡು, ಒಂದು ವಾರದ ಆಸುಪಾಸಲ್ಲಿ ಡಿಸ್ಚಾರ್ಜ್, ಸಮ್ಮರಿ ಕೊನೇಲಿ ಮಾತ್ರೆ ಪಟ್ಟಿ ಕೆಳಗೆ ಒಂದೇ ಒಂದು ಸಾಲು, ಫಿಸಿಯೋಥೆರಪಿ ಮುಂದುವರಿಸಿ ಅಂತ. ಆ ಒಂದು ಸಾಲಿನ ಮೇಲೆ ಪೇಷಂಟ್‌ದು ಮುಂದಿನ ಬದುಕೆಲ್ಲ ನಿಂತಿರುತ್ತೆ, ಅದನ್ನ ಕೂರಿಸ್ಕೊಂಡು ಬಿಡಿಸಿ ಹೇಳೋರು ಇಲ್ಲ ಅನ್ನೋ ಸಂಕಟಕ್ಕೇ ಇದನ್ನ ಬರೀತಿದೀನಿ.

ರಿಹ್ಯಾಬ್ ಅಂದ್ರೆ ಸ್ಟ್ರೋಕಲ್ಲಿ ಕಳ್ಕೊಂಡ ಕೆಲಸಗಳನ್ನ ತರಬೇತಿಯಿಂದ ಮತ್ತೆ ಕಲಿಸೋ ಚಿಕಿತ್ಸೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಉಳಿದಿದ್ದೆಲ್ಲ ಅದರ ಸುತ್ತಾನೇ ಬರುತ್ತೆ. ಯಾರೋ ಒಬ್ರು ಮನೆಗೆ ಬಂದು, ಮಲಗಿರೋ ಪೇಷಂಟ್‌ದು ಕೈಕಾಲು ಅರ್ಧ ಗಂಟೆ ಆಡಿಸಿ ಹೋದ್ರೆ ಅದು ರಿಹ್ಯಾಬ್ ಅಲ್ಲ. ಕೀಲು ಬಿಗಿಯಾಗದೆ ಇರಕ್ಕೆ ಅದು ಬೇಕು, ಬೇಡ ಅಂತಿಲ್ಲ. ಆದ್ರೆ ಆಡ್ತಿರೋದು ಫಿಸಿಯೋದವರ ಕೈ, ಪೇಷಂಟ್‌ನ ಮೆದುಳಿಗೆ ಅಲ್ಲಿ ಕೆಲಸವೇ ಇಲ್ಲ. ಸ್ಟ್ರೋಕ್ ಆಗಿರೋದು ಕೈಗಲ್ಲ, ಕಾಲಿಗಲ್ಲ, ಮೆದುಳಿಗೆ. ಹಾಗಾಗಿ ಕಲಿಯೋ ಕೆಲಸಾನೂ ಮೆದುಳೇ ಮಾಡ್ಬೇಕು.

ಇದು ಹೇಗೆ ಅಂತ ನೋಡೋಣ. ರಕ್ತ ನಿಂತುಹೋದ ಜಾಗದಲ್ಲಿ ಸತ್ತ ಜೀವಕೋಶಗಳು ವಾಪಸ್ ಬರಲ್ಲ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಅದರ ಸುತ್ತಮುತ್ತ ಊದಿಕೊಂಡು, ಏಟು ತಿಂದು, ಸುಮ್ಮನೆ ಬಿದ್ದಿರೋ ಭಾಗ ಒಂದಿಷ್ಟು ಇರುತ್ತೆ, ಊತ ಇಳಿದ ಹಾಗೆ ಅದು ಎಚ್ಚರ ಆಗುತ್ತೆ, ಮೊದಲ ಕೆಲವು ದಿನ ವಾರಗಳಲ್ಲಿ ತಾನಾಗೇ ಕಾಣೋ ಚೇತರಿಕೆಯಲ್ಲಿ ಒಂದಷ್ಟು ಪಾಲು ಇದರದ್ದು. ಎರಡನೇದು ನಿಜವಾದ ಕಲಿಕೆ. ಸತ್ತ ಭಾಗ ಮಾಡ್ತಿದ್ದ ಕೆಲಸವನ್ನ ಅಕ್ಕಪಕ್ಕದ ಭಾಗಗಳು, ಕೆಲವೊಮ್ಮೆ ಮೆದುಳಿನ ಇನ್ನೊಂದು ಬದಿಯೂ, ನಿಧಾನಕ್ಕೆ ವಹಿಸ್ಕೊಳ್ತಾವೆ. ಹೊಲದ ಮಧ್ಯೆ ಕಾಲುದಾರಿ ಮೂಡೋ ಹಾಗೆ ಇದು, ಜನ ನಡೆದು ನಡೆದೇ ದಾರಿ ಆಗೋದು, ನಡೆಯೋದು ನಿಲ್ಲಿಸಿದ್ರೆ ಹುಲ್ಲು ಮುಚ್ಚಿಕೊಳ್ಳುತ್ತೆ. ಮೆದುಳು ಈ ಥರ ಹೊಸದಾಗಿ ಕಲಿಯಕ್ಕೆ ಅತಿ ಹೆಚ್ಚು ತಯಾರಿರೋದು ಮೊದಲ ಮೂರು ತಿಂಗಳು. ಆರು ತಿಂಗಳವರೆಗೂ ಒಳ್ಳೆ ವೇಗ ಇರುತ್ತೆ, ಆಮೇಲೆ ನಿಧಾನ ಆಗುತ್ತೆ, ಪೂರ್ತಿ ನಿಲ್ಲಲ್ಲ. ಅಂದ್ರೆ ಮನೆಯವರು "ಸ್ವಲ್ಪ ಸುಧಾರಿಸ್ಕೊಳ್ಳಲಿ, ಹಬ್ಬ ಮುಗೀಲಿ, ಆಮೇಲೆ ನೋಡೋಣ" ಅಂತ ಮುಂದೂಡೋ ಟೈಮೇ ಎಲ್ಲಕ್ಕಿಂತ ಬೆಲೆ ಇರೋ ಟೈಮು.

ಹಾಗಂತ ಮೊದಲ ದಿನವೇ ಎಬ್ಬಿಸಿ ಓಡಾಡಿಸ್ಬೇಕಾ ಅಂದ್ರೆ, ಅದೂ ಅಲ್ಲ. ಇದನ್ನೇ ಪರೀಕ್ಷೆ ಮಾಡಿದ ಅವರ್ಟ್ ಅನ್ನೋ ದೊಡ್ಡ ಟ್ರಯಲ್ 2015ರಲ್ಲಿ ಬಂತು, 2104 ಪೇಷಂಟ್‌ಗಳು, ಐದು ದೇಶ. ಸ್ಟ್ರೋಕ್ ಆದ 24 ಗಂಟೆ ಒಳಗೆ ಶುರುಮಾಡಿ ತುಂಬಾ ಹೊತ್ತು ಎಬ್ಬಿಸಿ ಕೂರಿಸಿ ನಿಲ್ಲಿಸಿದ ಗುಂಪಲ್ಲಿ ಮೂರು ತಿಂಗಳಾದ್ಮೇಲೆ ಚೆನ್ನಾಗಿದ್ದೋರು 46%, ಮಾಮೂಲಿ ಆರೈಕೆ ಗುಂಪಲ್ಲಿ 50%. ಅಂದ್ರೆ ಮೊದಲ ದಿನದ ಅವಸರದಿಂದ ಲಾಭ ಆಗೋದಿರ್ಲಿ, ಸ್ವಲ್ಪ ನಷ್ಟಾನೇ ಆಯ್ತು. ಅದೇ ಟ್ರಯಲ್ ವಿವರ ಬಿಡಿಸಿ ನೋಡಿದಾಗ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹೆಚ್ಚು ಸಲ ಎಬ್ಬಿಸಿದ್ದು ಒಳ್ಳೇದು ಅಂತ ಕಂಡಿತು. ಹಾಗಾಗಿ ಡಾಕ್ಟ್ರು ಮೊದಲ ದಿನ ಮಲಗಿರ್ಲಿ ಅಂದ್ರೆ ಅವರು ಏನೂ ಮಾಡ್ತಿಲ್ಲ ಅಂತ ಅಂದುಕೊಳ್ಳಬೇಡಿ.

ಆ ಮೊದಲ ದಿನಗಳಲ್ಲಿ ನಡೆಯೋ ರಿಹ್ಯಾಬ್ ಹೊರಗಿಂದ ನೋಡೋರಿಗೆ ರಿಹ್ಯಾಬ್ ಥರ ಕಾಣಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸೋದು, ಬೆನ್ನು ಹಿಮ್ಮಡಿ ಹುಣ್ಣಾಗದ ಹಾಗೆ ನೋಡ್ಕೊಳ್ಳೋದು, ಬಿದ್ದುಹೋದ ಕೈ ಕೆಳಗೆ ದಿಂಬು ಇಡೋದು. ಈ ದಿಂಬಿನ ವಿಷಯ ಸಣ್ಣದಲ್ಲ. ಭುಜದ ಕೀಲನ್ನ ಜಾಗದಲ್ಲಿ ಹಿಡಿದಿಡೋದು ಸುತ್ತಲಿನ ಮಾಂಸಖಂಡ, ಅದು ಸೋತಾಗ ತೋಳು ಕೆಳಕ್ಕೆ ಜೋಲುತ್ತೆ, ಕೀಲು ಸ್ವಲ್ಪ ಸ್ವಲ್ಪವೇ ಜಾರುತ್ತೆ. ಆಗ ಯಾರಾದ್ರೂ ಪೇಷಂಟ್‌ನ ಎಬ್ಬಿಸಕ್ಕೆ ಅಂತ ಆ ಕೈ ಹಿಡಿದು ಎಳೆದ್ರು ಅನ್ಕೊಳ್ಳಿ, ಅಟೆಂಡರ್ ಆಗಲಿ ಪ್ರೀತಿಯ ಮಗ ಆಗಲಿ, ಅಲ್ಲಿಂದ ಭುಜದ ನೋವು ಶುರು. ಅದು ತಿಂಗಳುಗಟ್ಟಲೆ ಕಾಡುತ್ತೆ, ಆ ನೋವಿಗೇ ಎಷ್ಟೋ ಜನ ಕೈ ವ್ಯಾಯಾಮಾನೇ ಬಿಟ್ಟುಬಿಡ್ತಾರೆ. ದಯವಿಟ್ಟು ಕೈ ಹಿಡಿದು ಎಳೀಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಸೊಂಟದ ಹತ್ರ ಹಿಡ್ಕೊಂಡು ಎಬ್ಬಿಸೋದನ್ನ ಸಿಸ್ಟರ್ ಹತ್ರಾನೋ ಫಿಸಿಯೋ ಹತ್ರಾನೋ ಕಲಿತ್ಕೊಳ್ಳಿ. ತಲೆ ಮೇಲೆ ರಾಟೆ ಕಟ್ಟಿ ಒಳ್ಳೆ ಕೈಯಿಂದ ಬಿದ್ದ ಕೈಯನ್ನ ಎಳೆಯೋ ವ್ಯಾಯಾಮ ಕೆಲವು ಮನೆಗಳಲ್ಲಿ ಈಗ್ಲೂ ನೋಡ್ತೀನಿ, ಅದನ್ನ ಈಗಿನ ಗೈಡ್‌ಲೈನ್‌ಗಳು ಬೇಡ ಅಂತಾನೇ ಹೇಳ್ತಾವೆ, ಭುಜಕ್ಕೆ ಕೆಟ್ಟದ್ದು.

ಇನ್ನೊಂದು, ನುಂಗೋದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೀತೀನಿ, ಯಾಕಂದ್ರೆ ಇಲ್ಲಿ ಪ್ರಾಣಾನೇ ಹೋಗಬಹುದು. ಸ್ಟ್ರೋಕ್ ಆದ ಹೊಸದ್ರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನುಂಗೋ ಶಕ್ತಿ ಕಮ್ಮಿ ಆಗಿರುತ್ತೆ. ಗಂಟಲಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಪಕ್ಕಪಕ್ಕ ಇದಾವೆ, ನುಂಗುವಾಗ ಉಸಿರಿನ ದಾರಿ ಸರಿಯಾದ ಕ್ಷಣಕ್ಕೆ ಮುಚ್ಚಿಕೊಳ್ಳಬೇಕು, ಅದು ಒಂದು ಚೂರು ತಡವಾದ್ರೂ ಹೋಗಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಜನ ಅಂದ್ಕೊಳ್ಳೋದು ಗಟ್ಟಿ ಪದಾರ್ಥ ಕಷ್ಟ, ನೀರು ಸುಲಭ ಅಂತ. ಎಷ್ಟೋ ಪೇಷಂಟ್‌ಗಳಲ್ಲಿ ಉಲ್ಟಾ. ನೀರು, ಕಾಫಿ, ತಿಳಿಸಾರು, ಎಳನೀರು ಇವೆಲ್ಲ ಸರ್ರನೆ ಹರಿದುಹೋಗ್ತಾವೆ, ಗಂಟಲು ಮುಚ್ಚಿಕೊಳ್ಳೋಷ್ಟು ಟೈಮೇ ಕೊಡಲ್ಲ. ಕೆಮ್ಮು ಬರಲಿಲ್ಲ ಅಂದ್ರೆ ಸರಿಯಾಗಿ ಹೋಯ್ತು ಅಂತಾನೂ ಅಲ್ಲ, ಕೆಲವರಿಗೆ ಕೆಮ್ಮೋ ಸೂಚನೆಯೇ ಸತ್ತಿರುತ್ತೆ, ಸದ್ದಿಲ್ಲದೆ ಒಳಗೆ ಇಳಿಯುತ್ತೆ. ಅದಕ್ಕೇ ಬಾಯಿಗೆ ಏನೂ ಹಾಕೋ ಮುಂಚೆ ನೆಟ್ಟಗೆ ಕೂರಿಸಿ, ಅಳತೆ ಮಾಡಿ ನೀರು ಕೊಟ್ಟು ನುಂಗೋ ಟೆಸ್ಟ್ ಮಾಡ್ತಾರೆ, ಪಾಸಾಗಲಿಲ್ಲ ಅಂದ್ರೆ ಮೂಗಿಂದ ಹೊಟ್ಟೆಗೆ ಆಹಾರ ಇಳಿಸೋ ರೈಲ್ಸ್ ಟ್ಯೂಬ್ ಹಾಕ್ತಾರೆ. ಟ್ಯೂಬ್ ನೋಡಿದ ತಕ್ಷಣ ನೆಂಟರು ಕಥೆ ಮುಗೀತು ಅನ್ನೋ ಥರ ಅಳ್ತಾರೆ, ಆದ್ರೆ ಬಹಳಷ್ಟು ಜನಕ್ಕೆ ಕೆಲವು ವಾರದಲ್ಲಿ ನುಂಗೋದು ವಾಪಸ್ ಬರುತ್ತೆ, ಟ್ಯೂಬ್ ತೆಗೀತಾರೆ. ಸ್ಪೀಚ್ ಥೆರಪಿಸ್ಟ್ ಬಂದು ಯಾವ ಹದದ ಆಹಾರ ಅಂತ ಹೇಳ್ತಾರೆ, ನಮ್ಮ ಕಡೆ ಗಂಜಿ ಹದ, ಅಂಬಲಿ ಹದ, ಇಡ್ಲಿ ಮೆತ್ತಗೆ ಕಿವುಚಿದ ಹದ ಅಂತ ಕೇಳಿದ್ರೆ ಎಲ್ಲರಿಗೂ ಥಟ್ ಅಂತ ಅರ್ಥ ಆಗುತ್ತೆ. ನೋಡಕ್ಕೆ ಬಂದ ದೊಡ್ಡಮ್ಮ "ಪಾಪ, ನಾಲಿಗೆ ಒಣಗಿದೆ, ಎರಡು ಸ್ಪೂನ್ ಕಾಫಿ ಹಾಕ್ತೀನಿ" ಅಂತ ಮಲಗಿರೋರ ಬಾಯಿಗೆ ಹಾಕೋದು ಇದೆಯಲ್ಲ, ಅದನ್ನ ನೀವೇ ಕೈಮುಗಿದು ತಡೀಬೇಕು, ಸಿಸ್ಟರ್ ಯಾವಾಗ್ಲೂ ಪಕ್ಕದಲ್ಲಿ ಇರಲ್ಲ.

ಈಗ ನಿಜವಾದ ತರಬೇತಿಗೆ ಬರೋಣ. ಆಸ್ಪತ್ರೆ ರಿಹ್ಯಾಬ್ ಅಂದ್ರೆ ಒಬ್ಬರ ಕೆಲಸ ಅಲ್ಲ. ಪಿಎಂಆರ್ ಅಂತ ಕರೆಯೋ ರಿಹ್ಯಾಬ್ ಡಾಕ್ಟ್ರು ಅಥವಾ ನ್ಯೂರಾಲಜಿಸ್ಟ್, ಕೂರೋದು ನಿಲ್ಲೋದು ನಡೆಯೋದಕ್ಕೆ ಫಿಸಿಯೋ, ಸ್ನಾನ ಬಟ್ಟೆ ಊಟ ಬರವಣಿಗೆ ಥರದ ದಿನನಿತ್ಯದ ಕೆಲಸಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್, ಮಾತು ಮತ್ತು ನುಂಗೋದಕ್ಕೆ ಸ್ಪೀಚ್ ಥೆರಪಿಸ್ಟ್, ನೆನಪು ಗಮನ ಮನಸ್ಸಿಗೆ ಸೈಕಾಲಜಿಸ್ಟ್, ಜೊತೆಗೆ ನರ್ಸ್, ಸೋಷಿಯಲ್ ವರ್ಕರ್. ಇವರೆಲ್ಲ ಒಂದು ಕಡೆ ಕೂತು ಒಂದೇ ಗುರಿ ಇಟ್ಕೊಂಡು ಮಾಡಿದ್ರೆ ಅದು ರಿಹ್ಯಾಬ್. ಬ್ರಿಟನ್ನಿನ 2023ರ ಗೈಡ್‌ಲೈನ್ ಪ್ರಕಾರ ಬೇಕಾಗಿರೋ ಪೇಷಂಟ್‌ಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಎಲ್ಲ ಥೆರಪಿ ಸೇರಿಸಿ ಸಿಗಬೇಕು. ನಮ್ಮಲ್ಲಿ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಪುಣ್ಯ ಅನ್ನೋ ಪರಿಸ್ಥಿತಿ, ಎರಡಕ್ಕೂ ಎಷ್ಟು ಅಂತರ ನೋಡಿ.

ಗಂಟೆಗಿಂತ ಮುಖ್ಯ ಲೆಕ್ಕ ಇನ್ನೊಂದಿದೆ, ಆ ಟೈಮಲ್ಲಿ ಪೇಷಂಟ್ ಎಷ್ಟು ಸಲ ತಾನೇ ಆ ಚಲನೆ ಮಾಡಿದ್ರು ಅನ್ನೋದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳಲ್ಲಿ ಬದಲಾವಣೆ ಕಾಣಕ್ಕೆ ಒಂದು ದಿನಕ್ಕೆ 400ರಿಂದ 600 ಸಲ ಆ ಚಲನೆ ಮಾಡಿಸಿದ್ರು. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮನುಷ್ಯರ ಥೆರಪಿ ಸೆಷನ್‌ಗಳನ್ನ ಪಕ್ಕದಲ್ಲಿ ನಿಂತು ಎಣಿಸಿದ್ರು, ಕೈಯಿಂದ ಉಪಯೋಗದ ಕೆಲಸ ಮಾಡಿಸಿದ್ದು ಒಂದು ಸೆಷನ್‌ಗೆ ಸರಾಸರಿ 32 ಸಲ. 32! ಆಮೇಲೆ ಇನ್ನೊಂದು ಅಧ್ಯಯನದಲ್ಲಿ ಒಂದು ಗಂಟೆಯಲ್ಲಿ 300 ಸಲದವರೆಗೂ ಮಾಡಿಸಬಹುದು, ಪೇಷಂಟ್‌ಗಳು ಅದನ್ನ ತಡ್ಕೊಳ್ತಾರೆ ಅಂತ ತೋರಿಸಿದ್ರು. ಹಾಗಾಗಿ ಫಿಸಿಯೋ ಬಂದಾಗ ಎಷ್ಟು ಹೊತ್ತು ಇದ್ರು ಅಂತ ಗಡಿಯಾರ ನೋಡೋ ಬದಲು ಅಪ್ಪ ಇವತ್ತು ಲೋಟ ಎಷ್ಟು ಸಲ ಎತ್ತಿದ್ರು, ಕುರ್ಚಿಯಿಂದ ಎಷ್ಟು ಸಲ ಎದ್ದು ಕೂತ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಮಾಡೋದು ಸುಮ್ಮನೆ ಕೈ ಮೇಲೆ ಕೆಳಗೆ ಅಲ್ಲ, ಲೋಟ ಎತ್ತೋದು, ಡಬ್ಬಿ ಮುಚ್ಚಳ ತೆಗೆಯೋದು, ಬಟ್ಟೆ ಮಡಚೋದು, ಸ್ವಿಚ್ ಹಾಕೋದು ಹೀಗೆ ನಿಜವಾದ ಕೆಲಸ ಆಗಿರಬೇಕು, ಮೆದುಳಿಗೆ ಉದ್ದೇಶ ಇರೋ ಕೆಲಸ ಬೇಗ ಹತ್ತುತ್ತೆ. ಕೈಗೆ ಸ್ಮೈಲಿ ಬಾಲ್ ಕೊಟ್ಟು ಹಿಸುಕ್ತಾ ಇರಿ ಅನ್ನೋದು ಎಲ್ಲ ಕಡೆ ಇದೆ, ಆದ್ರೆ ಬಹಳ ಜನಕ್ಕೆ ಮುಷ್ಟಿ ತಾನಾಗೇ ಬಿಗಿ ಆಗಿರುತ್ತೆ, ಕಷ್ಟ ಇರೋದು ಬೆರಳು ಬಿಚ್ಚೋದ್ರಲ್ಲಿ, ಹಿಡಿದಿದ್ದನ್ನ ಬಿಡೋದ್ರಲ್ಲಿ. ಬಾಲ್ ಕೊಡೋ ಮುಂಚೆ ಥೆರಪಿಸ್ಟನ್ನ ಒಂದು ಮಾತು ಕೇಳಿ.

ನಮ್ಮ ಸೋದರಮಾವನಿಗೆ ಬಲಗಡೆ ಬಿದ್ದುಹೋಗಿತ್ತು. ರಿಹ್ಯಾಬ್ ವಾರ್ಡಲ್ಲಿ ಅವರಿಗೆ ನಡೆಯೋದಕ್ಕಿಂತ ದೊಡ್ಡ ಸಂಕಟ ಆಗಿದ್ದು ಊಟ. ಎಡಗೈಲಿ ಉಣ್ಣಲ್ಲ ಅಂತ ಹಠ, ಅತ್ತೆ ತುತ್ತು ಮಾಡಿ ಬಾಯಿಗೆ ಇಟ್ಟರೆ ಮುಖ ಆ ಕಡೆ ತಿರುಗಿಸೋದು, ತಟ್ಟೆ ಹಾಗೇ ವಾಪಸ್ ಹೋಗೋದು. ಇದನ್ನ ಎಲ್ಲರೂ ಹಸಿವಿಲ್ಲ ಅಂತ ಅಂದ್ಕೊಂಡಿದ್ವಿ. ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿ ಮಾತ್ರ ಒಂದು ಸಲ ನೋಡಿದ್ದೇ ಸರಿಯಾಗಿ ಹಿಡಿದ್ಲು. "ಅಂಕಲ್, ಹೊಟ್ಟೆ ತುಂಬಕ್ಕೆ ಎಡಗೈಲಿ ಸ್ಪೂನ್ ಹಿಡೀರಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ದಿನಾ ಮೊದಲ ನಾಲ್ಕು ತುತ್ತು ಬಲಗೈದು, ಚೆಲ್ಲಿದ್ರೂ ಸರಿ" ಅಂದ್ಲು. ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿದ್ಲು, ಅಂಚು ಎತ್ತರ ಇರೋ ತಟ್ಟೆ, ಸ್ಪೂನಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕಟ್ಟಿದ್ಲು, ಮೊಣಕೈ ಟೇಬಲ್ ಮೇಲೆ ಊರಿಸಿದ್ಲು. ಬಲಗೈಗೆ ಮೊದಲು ಕೊಟ್ಟಿದ್ದು ಇಡ್ಲಿ ತುಂಡು, ಮೆತ್ತಗಿರುತ್ತೆ, ಉದುರಲ್ಲ, ಬೆರಳು ಪೂರ್ತಿ ಸೇರದೆ ಇದ್ರೂ ಸಿಗುತ್ತೆ. ಅನ್ನ ಸಾರು ಕೊನೆಗೆ, ಯಾಕಂದ್ರೆ ಕಲಸೋದು, ಒಟ್ಟುಮಾಡೋದು, ಹೆಬ್ಬೆರಳಿಂದ ಬಾಯೊಳಗೆ ತಳ್ಳೋದು, ಇಷ್ಟು ಕೆಲಸ ಒಂದು ತುತ್ತಲ್ಲಿ ಇದೆ, ನಾವು ಗಮನಿಸಿಯೇ ಇರಲ್ಲ.

ಆ ಹುಡುಗಿ ಮಾಡಿದ್ದರ ಹಿಂದೆ ದೊಡ್ಡ ವಿಚಾರ ಇದೆ. ಬಿದ್ದ ಕೈಯಲ್ಲಿ ಒಂದೆರಡು ಸಲ ಮಾಡಿ ಸೋತ್ಮೇಲೆ ಮೆದುಳು ಆ ಕೈಯನ್ನ ಲೆಕ್ಕದಿಂದಲೇ ಬಿಟ್ಟುಬಿಡುತ್ತೆ, ಶಕ್ತಿ ಸ್ವಲ್ಪ ಬಂದ್ಮೇಲೂ ಬಳಸಲ್ಲ. ಎಡ್ವರ್ಡ್ ಟಾಬ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಗುರುತಿಸಿ, ಒಳ್ಳೆ ಕೈಗೆ ಗವಸು ಹಾಕಿ ಬಿದ್ದ ಕೈಯಿಂದಲೇ ಕೆಲಸ ಮಾಡಿಸೋ ಥೆರಪಿ ರೂಪಿಸಿದ್ರು. 2006ರಲ್ಲಿ ಬಂದ ಎಕ್ಸೈಟ್ ಟ್ರಯಲ್‌ನಲ್ಲಿ ಎಚ್ಚರ ಇರೋ ಹೊತ್ತಲ್ಲಿ ಹೆಚ್ಚುಕಮ್ಮಿ ಪೂರ್ತಿ, ಎರಡು ವಾರ ಹೀಗೆ ಮಾಡಿಸಿ ಕೈ ಬಳಕೆ ಸುಧಾರಿಸಿದ್ದನ್ನ ತೋರಿಸಿದ್ರು. ಆದ್ರೆ ಇದು ಎಲ್ಲರಿಗೂ ಅಲ್ಲ, ಮಣಿಕಟ್ಟು ಬೆರಳು ಸ್ವಲ್ಪನಾದ್ರೂ ಮೇಲಕ್ಕೆ ಎತ್ತಕ್ಕೆ ಬರ್ಬೇಕು. ಕೈ ಎಷ್ಟು ವಾಪಸ್ ಬರಬಹುದು ಅನ್ನೋದಕ್ಕೂ ಇದೇ ಸೂಚನೆ. ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನದಲ್ಲಿ ಸ್ಟ್ರೋಕ್ ಆದ 72 ಗಂಟೆ ಒಳಗೆ ಬೆರಳು ಸ್ವಲ್ಪ ಬಿಚ್ಚಕ್ಕೆ, ತೋಳು ಸ್ವಲ್ಪ ಪಕ್ಕಕ್ಕೆ ಎತ್ತಕ್ಕೆ ಆದವರಲ್ಲಿ ಆರು ತಿಂಗಳಿಗೆ ಕೈಯಲ್ಲಿ ಒಂದಷ್ಟು ಕುಶಲತೆ ಬರೋ ಸಾಧ್ಯತೆ 98%, ಎರಡೂ ಆಗದೆ ಇದ್ದವರಲ್ಲಿ 25%. ಆ 25% ಸೊನ್ನೆ ಅಲ್ಲ ಅನ್ನೋದನ್ನ ಗಮನಿಸಿ.

ಕಾಲಿನ ವಿಷಯದಲ್ಲಿ ಸುದ್ದಿ ಇದಕ್ಕಿಂತ ಒಳ್ಳೇದು, ಹೆಚ್ಚಿನವರು ಕೋಲು ಹಿಡ್ಕೊಂಡಾದ್ರೂ ನಡೀತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಬಿದ್ದ ಕಾಲು ಮೊದಲು, ಕೋಲು ಒಳ್ಳೆ ಕೈಲಿ. ಶರ್ಟ್ ಹಾಕುವಾಗ ಬಿದ್ದ ಕೈ ಮೊದಲು ತೂರಿಸ್ಬೇಕು, ಬಿಚ್ಚುವಾಗ ಒಳ್ಳೆ ಕೈ ಮೊದಲು. ಪಾದ ಜೋತುಬಿದ್ದು ಬೆರಳು ನೆಲಕ್ಕೆ ತಗುಲ್ತಿದ್ರೆ ಕಾಲಿನ ಹಿಂಭಾಗಕ್ಕೆ ಕೂರೋ ಎಲ್ ಆಕಾರದ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಡ್ತಾರೆ, ಎಎಫ್‌ಓ ಅಂತಾರೆ. ಇದನ್ನ ಶೂ ಒಳಗೆ ಹಾಕ್ಬೇಕು, ನಮ್ಮ ಮನೆಗಳಲ್ಲಿ ಶೂ ಹೊಸ್ತಿಲ ಆಚೆ ಬಿಡ್ತೀವಲ್ಲ, ಅದರ ಜೊತೆ ಸ್ಪ್ಲಿಂಟೂ ಹೊರಗೇ ಉಳಿಯುತ್ತೆ, ಮನೆ ಒಳಗೆ ಬರಿಗಾಲಲ್ಲಿ ಓಡಾಡಿ ಬಚ್ಚಲಲ್ಲಿ ಬೀಳ್ತಾರೆ. ಮನೆ ಒಳಗಡೆಗೆ ಅಂತಾನೇ ಒಂದು ಜೊತೆ ಬೇರೆ ಶೂ ಇಡಿ, ಯಾರೇನು ಅಂದ್ಕೊಂಡ್ರೂ ಪರವಾಗಿಲ್ಲ. ಇನ್ನು ಸ್ಪರ್ಶ ಗೊತ್ತಾಗದ ಕೈಕಾಲಿಗೆ ಬಿಸಿ ಎಣ್ಣೆ, ಬಿಸಿನೀರಿನ ಬ್ಯಾಗ್ ಇಡೋದು ಬೇಡವೇ ಬೇಡ, ಸುಟ್ಟು ಬೊಬ್ಬೆ ಬಂದ್ರೂ ಅವರಿಗೆ ತಿಳಿಯಲ್ಲ. ಹಗುರಕ್ಕೆ ಎಣ್ಣೆ ಹಚ್ಚಿ ತಿಕ್ಕಿದ್ರೆ ಹಾಯಾಗುತ್ತೆ, ನಾನು ವಿರೋಧಿ ಅಲ್ಲ, ಆದ್ರೆ ಮಸಾಜಿಗೆ ಅಂತ ಊರಿಗೆ ಕರ್ಕೊಂಡು ಹೋಗಿ ಎರಡು ತಿಂಗಳು ಥೆರಪಿ ಬಿಡಿಸೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಾತಿನ ವಿಷಯ. ಹೆಚ್ಚಿನವರಲ್ಲಿ ಭಾಷೆ ಮೆದುಳಿನ ಎಡಭಾಗದಲ್ಲಿ ಇರುತ್ತೆ, ಅದೇ ಎಡಭಾಗ ದೇಹದ ಬಲಗಡೆಯನ್ನೂ ನಡೆಸುತ್ತೆ, ಹಾಗಾಗಿ ಬಲಗಡೆ ಬಿದ್ದವರಲ್ಲಿ ಮಾತೂ ಹೋಗೋದು ಜಾಸ್ತಿ, ಇದಕ್ಕೆ ಅಫೇಸಿಯಾ ಅಂತಾರೆ. ಇದು ನಾಲಿಗೆ ತೊದಲೋದಲ್ಲ. ಹೇಳ್ಬೇಕಾಗಿರೋದು ತಲೇಲಿ ಇರುತ್ತೆ, ಪದ ಸಿಗಲ್ಲ, ಚಮಚ ಅನ್ನೋಕೆ ಹೋಗಿ ಬಾಚಣಿಗೆ ಅಂತಾರೆ, ಕೆಲವರಿಗೆ ಬೇರೆಯವರು ಹೇಳಿದ್ದೂ ಅರ್ಥ ಆಗಲ್ಲ. ಬುದ್ಧಿ ಹೋಗಿಲ್ಲ, ಕಿವಿ ಹೋಗಿಲ್ಲ, ಆದ್ರೂ ಜನ ಕಿವುಡರ ಹತ್ರ ಮಾತಾಡೋ ಥರ ಕೂಗ್ತಾರೆ, ಇಲ್ಲಾ ಅವರ ಎದುರಿಗೇ ಅವರ ಬಗ್ಗೆ ಮಾತಾಡ್ತಾರೆ. ಅದು ಅವರಿಗೆ ಎಷ್ಟು ನೋವು ಕೊಡುತ್ತೆ ಅಂತ ಯೋಚನೆ ಮಾಡಿ. ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದು ವಿಷಯ, ಹೌದು ಇಲ್ಲ ಅಂತ ಉತ್ತರ ಬರೋ ಪ್ರಶ್ನೆ, ಫೋಟೋ, ಕೈಸನ್ನೆ, ಮತ್ತೆ ಉತ್ತರಕ್ಕೆ ಕಾಯೋ ತಾಳ್ಮೆ, ಇವು ಮನೆಯವರು ಕೊಡಬಹುದಾದ ಥೆರಪಿ. ತನ್ನ ಹೆಸರು ಹೇಳಕ್ಕೆ ಆಗದವರು ಒಂದು ಎರಡು ಮೂರು ಅಂತ ಸರಾಗ ಎಣಿಸ್ತಾರೆ, ಸೋಮವಾರ ಮಂಗಳವಾರ ಹೇಳ್ತಾರೆ, ಗೊತ್ತಿರೋ ಭಜನೆ ಶುರುಮಾಡಿದ್ರೆ ಜೊತೆಗೆ ಹಾಡ್ತಾರೆ, ಯಾಕಂದ್ರೆ ಬಾಯಿಪಾಠ ಆದ ಮಾತು, ರಾಗ ಇರೋ ಮಾತು ಬೇರೆ ದಾರಿಯಲ್ಲಿ ಬರುತ್ತೆ. ಇದನ್ನೇ ಹಿಡ್ಕೊಂಡು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರಾಗವಾಗಿ ಹೇಳಿಸಿ ಮಾತು ತರಿಸೋ ಥೆರಪಿ ಕಟ್ಟಿದ್ರು, ಈಗ್ಲೂ ಬಳಸ್ತಾರೆ.

ಬೆಂಗಳೂರಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಮನೇಲಿ ತೆಲುಗು ಇಲ್ಲ ಉರ್ದು, ಬೀದಿಯಲ್ಲಿ ಕನ್ನಡ, ಆಫೀಸಲ್ಲಿ ಇಂಗ್ಲಿಷ್ ಅನ್ನೋರೇ ನಮ್ಮಲ್ಲಿ ಜಾಸ್ತಿ. ಎಲ್ಲ ಭಾಷೆ ಒಂದೇ ಸಮ ವಾಪಸ್ ಬರ್ಬೇಕು ಅಂತಿಲ್ಲ, ಹಾಗಾಗಿ ಥೆರಪಿ ಶುರು ಆಗೋ ದಿನವೇ ಮನೇಲಿ ಯಾವ ಭಾಷೆ, ಯಾವುದರಲ್ಲಿ ಓದು ಬರಹ ಅಂತ ಹೇಳಿಬಿಡಿ. ಈಗ ನಿಮ್ಹಾನ್ಸ್‌ನಲ್ಲಿರೋ ಡಾ. ಸುವರ್ಣ ಅಲ್ಲಾಡಿ ಅವರು ಹೈದರಾಬಾದಲ್ಲಿದ್ದಾಗ 608 ಸ್ಟ್ರೋಕ್ ಪೇಷಂಟ್‌ಗಳ ಮೇಲೆ ಮಾಡಿದ ಅಧ್ಯಯನ ಇದೆ, ಸ್ಟ್ರೋಕ್ ಆದ್ಮೇಲೆ ನೆನಪು, ಯೋಚನಾಶಕ್ತಿ ಸರಿಯಾಗೇ ಉಳಿದವರು ಎರಡು ಅಥವಾ ಹೆಚ್ಚು ಭಾಷೆ ಆಡೋರಲ್ಲಿ 40.5%, ಒಂದೇ ಭಾಷೆಯವರಲ್ಲಿ 19.6%. ಅಫೇಸಿಯಾ ಮಾತ್ರ ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ. ಕನ್ನಡದಲ್ಲೇ ಅಫೇಸಿಯಾ ಪರೀಕ್ಷೆ, ಕನ್ನಡದಲ್ಲೇ ಥೆರಪಿ ಬೇಕು ಅಂದ್ರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿಂದ ಮೂರು ಗಂಟೆ ದಾರಿ.

ಎಡಗಡೆ ಬಿದ್ದವರ ಕಷ್ಟ ಬೇರೆ, ಅದು ಕಣ್ಣಿಗೆ ಬೇಗ ಬೀಳಲ್ಲ. ಮಾತು ಚೆನ್ನಾಗೇ ಇರುತ್ತೆ, ಆದ್ರೆ ತಟ್ಟೆಯ ಬಲ ಅರ್ಧ ಖಾಲಿ ಮಾಡಿ ಪಲ್ಯ ಹಾಕಿಲ್ವಾ ಅಂತ ಕೇಳ್ತಾರೆ, ಪಲ್ಯ ಎಡಗಡೆಯಲ್ಲಿ ಹಾಗೇ ಇರುತ್ತೆ. ಗಡ್ಡ ಒಂದು ಕಡೆ ಮಾತ್ರ ಕೆರ್ಕೊಂಡಿರ್ತಾರೆ, ಬಾಗಿಲ ಎಡ ಚೌಕಟ್ಟಿಗೆ ಗುದ್ಕೊಂಡು ಹೋಗ್ತಾರೆ. ಕಣ್ಣಿನ ದೋಷ ಅಲ್ಲ ಇದು, ಮೆದುಳು ಆ ಎಡಬದಿಯನ್ನೇ ಗಮನಕ್ಕೆ ತಗೊಳ್ತಿಲ್ಲ. ತಲೆ ತಿರುಗಿಸಿ ಎಡಕ್ಕೆ ಹುಡುಕೋ ಅಭ್ಯಾಸ ಮಾಡಿಸ್ತಾರೆ, ಮನೆಯವರು ಎಡಗಡೆ ಕೂತು ಮಾತಾಡಿಸೋದು, ಎಡಗೈ ಮುಟ್ಟಿ ನೆನಪಿಸೋದು ಸಹಾಯ ಮಾಡುತ್ತೆ. ಇಂಥವರು ತಮಗೆ ಏನೂ ಆಗಿಲ್ಲ ಅಂತ ಎದ್ದು ಹೊರಟು ಬೀಳೋದು ತುಂಬಾ, ಒಬ್ಬರೇ ಬಿಡಬೇಡಿ.

ಮನಸ್ಸಿನ ಮಾತು ಬಿಟ್ಟರೆ ಉಳಿದಿದ್ದೆಲ್ಲ ವ್ಯರ್ಥ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಪ್ರೆಷನ್ ಬರುತ್ತೆ, ಥೆರಪಿಗೆ ಬರಲ್ಲ ಅಂತ ಹಠ ಮಾಡೋರಲ್ಲಿ ಎಷ್ಟೋ ಜನಕ್ಕೆ ಇದೇ ಕಾರಣ, ಸೋಮಾರಿತನ ಅಂತ ಬೈದ್ರೆ ಇನ್ನೂ ಕುಗ್ಗುತ್ತಾರೆ, ಡಾಕ್ಟ್ರಿಗೆ ಹೇಳಿದ್ರೆ ಚಿಕಿತ್ಸೆ ಇದೆ. ಇನ್ನು ಕೆಲವರು ಸಣ್ಣ ಮಾತಿಗೂ ಬಿಕ್ಕಿ ಬಿಕ್ಕಿ ಅಳ್ತಾರೆ, ಸಾವಿನ ಮನೇಲಿ ನಗ್ತಾರೆ, ಇದು ಅವರ ಹಿಡಿತದಲ್ಲಿಲ್ಲ, ಭಾವನೆಗೆ ಕಡಿವಾಣ ಹಾಕೋ ನರಗಳಿಗೆ ಏಟಾಗಿರೋದು. ಜೊತೆಗೆ ವಿಪರೀತ ಸುಸ್ತು, ನಿದ್ದೆ ಮಾಡಿದ್ರೂ ಹೋಗದ ಸುಸ್ತು, ಹಾಗಾಗಿ ಕಷ್ಟದ ಅಭ್ಯಾಸ ಬೆಳಗ್ಗೆ ಇಟ್ಕೊಳ್ಳಿ.

ಈಗ ದುಡ್ಡಿನ ಮಾತು, ಯಾಕಂದ್ರೆ ಹೆದರಿರೋ ಮನೆಯವರು ಎಲ್ಲದಕ್ಕೂ ಹೂಂ ಅಂತಾರೆ. ರೋಬೋಟ್ ಥೆರಪಿ ಅಂತ ಬೋರ್ಡ್ ನೋಡಿ ಅದೇ ಬೇಕು ಅಂತ ಹೋಗೋ ಮುಂಚೆ ತಿಳ್ಕೊಳ್ಳಿ, 2019ರಲ್ಲಿ ಬ್ರಿಟನ್ನಲ್ಲಿ 770 ಪೇಷಂಟ್‌ಗಳ ಮೇಲೆ ನಡೆದ ರಾಟುಲ್ಸ್ ಟ್ರಯಲ್‌ನಲ್ಲಿ ರೋಬೋಟಿಂದ ಕೈ ತರಬೇತಿ ಪಡೆದವರ ಕೈ ಬಳಕೆ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿ ಆಗ್ಲಿಲ್ಲ. ಮೆಷಿನ್ ಬೇಡ ಅಂತಲ್ಲ, ಮೆಷಿನ್ ಇಲ್ಲ ಅಂತ ಕೊರಗಬೇಡಿ ಅಂತ. ನರಕ್ಕೆ ಶಕ್ತಿ ಅಂತ ಬರೆದುಕೊಡೋ ಸಿಟಿಕೋಲಿನ್ ಮಾತ್ರೆ ಬಗ್ಗೆ 2012ರ ದೊಡ್ಡ ಟ್ರಯಲ್‌ನಲ್ಲಿ 2298 ಜನರಲ್ಲಿ ಲಾಭ ಕಾಣಲಿಲ್ಲ, ಅದು ದುಬಾರಿ ಆಗ್ತಿದ್ರೆ ಬೇಕೇ ಬೇಕಾ ಅಂತ ಡಾಕ್ಟ್ರನ್ನ ಕೇಳೋದ್ರಲ್ಲಿ ತಪ್ಪಿಲ್ಲ. ಆದ್ರೆ ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಶುಗರ್ ಮಾತ್ರೆ ಇವನ್ನ ಡಾಕ್ಟ್ರನ್ನ ಕೇಳದೆ ಒಂದು ದಿನಾನೂ ಬಿಡಬೇಡಿ, ಎರಡನೇ ಸ್ಟ್ರೋಕ್ ಬಂದ್ರೆ ಇಷ್ಟು ದಿನ ಕಲಿತಿದ್ದೆಲ್ಲ ಕೊಚ್ಚಿಕೊಂಡು ಹೋಗುತ್ತೆ. ಬಿಗಿಯಾದ ಕೈಗೆ ಬೋಟಾಕ್ಸ್ ಇಂಜೆಕ್ಷನ್ ಉಪಯೋಗ ಆಗುತ್ತೆ, ಸುಮಾರು ಮೂರು ತಿಂಗಳು ಕೆಲಸ ಮಾಡುತ್ತೆ, ಆ ಮೂರು ತಿಂಗಳಲ್ಲಿ ಅಭ್ಯಾಸ ಮಾಡಿಸದೆ ಸುಮ್ಮನಿದ್ರೆ ದುಡ್ಡು ದಂಡ.

ಎಲ್ಲಿ ಹೋಗೋದು? ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್ ವಿಭಾಗ ಇದೆ, ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ಪಿಎಂಆರ್ ವಿಭಾಗ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಈಗ ಬಂದಿದೆ. ಇಲ್ಲಿಂದ ವೆಲ್ಲೂರಿಗೆ ಹೋಗೋರೂ ತುಂಬಾ, ಅಲ್ಲಿನ ಸಿಎಂಸಿ ಆಸ್ಪತ್ರೆಯಲ್ಲಿ 1966ರಲ್ಲೇ ರಿಹ್ಯಾಬ್ ಸಂಸ್ಥೆ ಶುರು ಆಯ್ತು, ಕಟ್ಟಿದವರು ಡಾ. ಮೇರಿ ವರ್ಗೀಸ್, ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡು ವೀಲ್‌ಚೇರಲ್ಲೇ ಕೂತು ಆಪರೇಷನ್ ಮಾಡ್ತಿದ್ದೋರು. ಎಲ್ಲೇ ಆಗ್ಲಿ, ಡಿಸ್ಚಾರ್ಜ್ ದಿನದ ಗಡಿಬಿಡಿಗೆ ಬಿಡದೆ ಎರಡು ಮೂರು ದಿನ ಮುಂಚೆಯೇ ಕೇಳಿ: ರಿಹ್ಯಾಬ್ ಬೆಡ್‌ಗೆ ರೆಫರ್ ಮಾಡ್ತೀರಾ, ನುಂಗೋ ಟೆಸ್ಟ್ ಆಗಿದೆಯಾ, ಸ್ಪೀಚ್ ಮತ್ತು ಆಕ್ಯುಪೇಷನಲ್ ಥೆರಪಿ ನೋಡಿದಾರಾ, ಮುಂದಿನ ತಿಂಗಳಿಗೆ ಗುರಿ ಏನು. ಇನ್ಶೂರೆನ್ಸ್ ಇದ್ರೆ ರಿಹ್ಯಾಬ್ ಅಡ್ಮಿಷನ್ ಕವರ್ ಆಗುತ್ತಾ ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಮನೆಯವರೇ ಕಲಿತು ಮಾಡಿದ್ರೆ ಸಾಲದಾ ಅಂತ ಕೇಳೋರಿಗೆ, ಇದನ್ನ ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದಾರೆ. ಅಟೆಂಡ್ ಅನ್ನೋ ಟ್ರಯಲ್, 14 ಆಸ್ಪತ್ರೆ, 1250 ಪೇಷಂಟ್‌ಗಳು, 2017ರಲ್ಲಿ ಪ್ರಕಟ ಆಯ್ತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದ ರಿಹ್ಯಾಬ್ ಮಾಡಿಸಿದ ಗುಂಪಲ್ಲೂ, ಮಾಮೂಲಿ ಗುಂಪಲ್ಲೂ ಆರು ತಿಂಗಳಿಗೆ ತೀರಿಕೊಂಡಿದ್ದೋರು ಅಥವಾ ಬೇರೆಯವರ ಮೇಲೆ ಅವಲಂಬಿತರಾಗಿದ್ದೋರು ಎರಡರಲ್ಲೂ 47%. ಮನೆಯವರ ಪ್ರೀತಿ ಕಮ್ಮಿ ಅಂತಲ್ಲ ಇದರ ಅರ್ಥ. ನುರಿತವರ ಕೆಲಸವನ್ನ ಪೂರ್ತಿ ಅತ್ತೆ, ಸೊಸೆ, ಮಗಳ ತಲೆ ಮೇಲೆ ಹಾಕಿ ಆಸ್ಪತ್ರೆ ಕೈತೊಳ್ಕೊಳ್ಳಕ್ಕೆ ಆಗಲ್ಲ ಅಂತ ನಾನು ಓದ್ಕೊಳ್ತೀನಿ. ಥೆರಪಿಸ್ಟ್ ಹೇಳಿಕೊಟ್ಟಿದ್ದನ್ನ ಉಳಿದ ಹೊತ್ತಲ್ಲಿ ಮನೆಯವರು ಮಾಡಿಸೋದು ಬೇರೆ, ಅದು ಬೇಕೇ ಬೇಕು. ನೋಡ್ಕೊಳ್ಳೋರಿಗೂ ವಾರಕ್ಕೊಂದು ದಿನ ಬಿಡುವು ಸಿಗೋ ಹಾಗೆ ಅಣ್ಣತಮ್ಮಂದಿರು ಪಾಳಿ ಹಾಕ್ಕೊಳ್ಳಿ.

ಕೊನೇದಾಗಿ ಕಾಗದ ಪತ್ರ. ಸ್ಥಿತಿ ಒಂದು ಹಂತಕ್ಕೆ ಬಂದು ನಿಂತ ಮೇಲೂ ಕೊರತೆ ಉಳಿದಿದ್ರೆ ವಿಕಲಚೇತನರಿಗೆ ಸರ್ಕಾರ ಕೊಡೋ ಗುರುತಿನ ಚೀಟಿಗೆ, ಅಂದ್ರೆ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇದಾವೆ, ಕೈಕಾಲಿನ ಚಲನೆ ಮಾತ್ರ ಅಲ್ಲ, ಅಫೇಸಿಯಾದಿಂದ ಶಾಶ್ವತವಾಗಿ ಮಾತು ಹೋಗಿರೋದನ್ನೂ ಅದರಲ್ಲಿ ಹೆಸರು ಹೇಳಿ ಸೇರಿಸಿದಾರೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಡೀತಾರಲ್ಲ ಅಂತ ಅರ್ಜಿನೇ ಹಾಕಲ್ಲ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40% ವೈಕಲ್ಯ ಅಂತ ಸರ್ಟಿಫಿಕೇಟ್ ಆಗ್ಬೇಕು. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಥೆರಪಿಸ್ಟ್‌ಗಳು ಬರೆದ ಶೀಟ್ ಎಲ್ಲ ಒಂದೇ ಫೈಲಲ್ಲಿ ಇಡಿ, ಮೊಬೈಲಲ್ಲೂ ಫೋಟೋ ತೆಗೆದಿಟ್ಕೊಳ್ಳಿ, ಸರ್ಟಿಫಿಕೇಟ್ ಕೊಡೋ ಮೆಡಿಕಲ್ ಬೋರ್ಡ್ ಮುಂದೆ ಹೋದಾಗ ಒರಿಜಿನಲ್ ಕೇಳ್ತಾರೆ.